ಟೆಂಪೊ ಹತ್ತುವ ಉಡುಗೊರೆ

ನಮ್ಮಲ್ಲಿ ಉಡುಗೊರೆ ಕೊಡಬೇಕೆಂದರೆ ಯಾರಾದರೂ ಹುಟ್ಟಬೇಕು, ಇಲ್ಲವೇ ಯಾರದಾದರೂ ಮದುವೆಯಾಗಬೇಕು. ಆ ಎರಡರ ಆಚೀಚೆ ಸೀಮಂತ, ಗೃಹಪ್ರವೇಶ, ಅರವತ್ತರ ಶಾಂತಿ ಎಂದು ಕೆಲವು ನಿಲ್ದಾಣಗಳಿವೆ. ಯಾವುದಕ್ಕೆ ಏನು ಎಂಬುದನ್ನು ಹಿರಿಯರು ಎಂದೋ ತೀರ್ಮಾನಿಸಿಟ್ಟಿದ್ದಾರೆ: ತೊಟ್ಟಿಲಿಗೆ ಬೆಳ್ಳಿಯ ಉಡಿದಾರ, ಮದುವೆಗೆ ಪಾತ್ರೆ, ಗೃಹಪ್ರವೇಶಕ್ಕೆ ದೇವರ ಪಟ. ಏನೂ ತೋಚದವರಿಗೆ ನೂರಾ ಒಂದು, ಐನೂರಾ ಒಂದು. ಆ ಕೊನೆಯ ಒಂದು ರೂಪಾಯಿಯನ್ನು ಈಗ ಕವರ್ ತಯಾರಿಸುವವರೇ ಮೂಲೆಯಲ್ಲಿ ಅಂಟಿಸಿ ಕೊಟ್ಟು ನಮ್ಮ ಹುಡುಕಾಟ ತಪ್ಪಿಸಿದ್ದಾರೆ. ಹಳ್ಳಿಯ ಮದುವೆಯಲ್ಲಿ ಮುಯ್ಯಿ ಬರೆಯುವವರು ಚಪ್ಪರದ ಬಾಗಿಲಲ್ಲೇ ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಊರು, ತಂದೆಯ ಹೆಸರು, ಹಾಕಿದ ಮೊತ್ತ ಎಲ್ಲವೂ ಅದರಲ್ಲಿ ದಾಖಲು. ಮುಂದೆ ಆ ಮನೆಗಳಿಂದ ಲಗ್ನಪತ್ರಿಕೆ ಬಂದಾಗ ಪೆಟ್ಟಿಗೆಯಿಂದ ಮೊದಲು ಹೊರಬರುವುದು ಆ ಪುಸ್ತಕವೇ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿ ಒಂದು ತೂತು ಉಳಿದುಬಿಟ್ಟಿದೆ. ಮದುವೆಯಾಗದೆ, ಮನೆ ಕಟ್ಟಿಸದೆ, ಕೆಲಸ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಸಣ್ಣದೊಂದು ಬಾಡಿಗೆ ಮನೆ ಹಿಡಿದ ಹುಡುಗನಿಗೋ ಹುಡುಗಿಗೋ ಏನು ಕೊಡಬೇಕು? ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಶಾಸ್ತ್ರ ಬರೆದವರ ಕಾಲದಲ್ಲಿ ಒಂಟಿಯಾಗಿ ಇರುತ್ತಿದ್ದವರೆಂದರೆ ಸನ್ಯಾಸಿಗಳು. ಅವರಿಗೆ ಒಂದು ಕಮಂಡಲು ಕೊಟ್ಟರೆ ಮುಗಿಯುತ್ತಿತ್ತು.

ನನ್ನ ಅಕ್ಕನ ಮಗಳು ಪಿಜಿ ವಾಸ ಸಾಕೆಂದು ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನ ದೊಡ್ಡತೋಗೂರಿನಲ್ಲಿ ಒಂದು ಒನ್ ಬಿಎಚ್‌ಕೆ ಹಿಡಿದಳು. “ಮಾವ, ಭಾನುವಾರ ಹಾಲುಕ್ಕಿಸ್ತಾ ಇದೀವಿ, ಅತ್ತೆನೂ ಕರ್ಕೊಂಡು ಬನ್ನಿ” ಎಂದು ಫೋನು ಬಂತು. ಅವಳ ಫೋನು ಇಟ್ಟದ್ದೇ ಅಕ್ಕನದು. “ಏನೂ ತರಬೇಡ ಕಣೋ. ಮದುವೆಗೆ ಕೊಡೋದು ಇದ್ದೇ ಇದೆಯಲ್ಲ. ಇದೇನು ಮನೇನಾ? ಹನ್ನೊಂದು ತಿಂಗಳ ಕರಾರು.”

ಈ ಹನ್ನೊಂದು ತಿಂಗಳ ವಿಷಯ ಸ್ವಾರಸ್ಯವಾದದ್ದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಆ ಓಡಾಟ ಯಾರಿಗೆ ಬೇಕೆಂದು ದೇಶಕ್ಕೆ ದೇಶವೇ ಹನ್ನೊಂದು ತಿಂಗಳ ವರ್ಷವೊಂದನ್ನು ಕಂಡುಹಿಡಿದುಕೊಂಡಿದೆ. ಕರಾರು ಮುಗಿದರೆ ಇನ್ನೊಂದು ಹನ್ನೊಂದು ತಿಂಗಳು, ಆಮೇಲೆ ಇನ್ನೊಂದು ಕಂಪನಿ, ಇನ್ನೊಂದು ಮನೆ. ಮದುವೆಯ ಮಾತು ಕುದುರುವ ಹೊತ್ತಿಗೆ ಐದಾರು ವರ್ಷ ಹೀಗೇ ಸರಿದಿರುತ್ತದೆ. ಅಷ್ಟು ವರ್ಷ ಮಕ್ಕಳು ಉಣ್ಣುವುದಿಲ್ಲವೇ? ಜ್ವರ ಬಂದರೆ ಗಂಜಿ ಕಾಯಿಸಿಕೊಳ್ಳುವುದಿಲ್ಲವೇ? ರಾತ್ರಿ ನಲ್ಲಿ ಸೋರಿದರೆ ಎದ್ದು ನೋಡುವುದಿಲ್ಲವೇ? ಆದ್ದರಿಂದ “ಮದುವೆಗೆ ಕೊಡೋಣ” ಎಂಬ ಮಾತನ್ನು ನಾನು ಒಪ್ಪುವವನಲ್ಲ. ಅನ್ನ ಬೇಯುವ ಜಾಗವೆಲ್ಲ ಮನೆಯೇ. ಮನೆಯೆಂದ ಮೇಲೆ ಅದಕ್ಕೆ ಬೇಕಾದದ್ದನ್ನು ಬೇಕಾದಾಗಲೇ ಕೊಡಬೇಕು.

ಅಷ್ಟಕ್ಕೂ ಬೆಂಗಳೂರಿನ ಈ ಅಂಚುಗಳಿಗೆ ಹೊಸ ಸಂಸಾರಗಳು ಹೊಸತಲ್ಲ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆ ನಿಲ್ಲಲೆಂದು 3,900 ಎಕರೆ ಜಮೀನು ಕೊಟ್ಟರು. ಆ ಸಮುದಾಯದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಈ ಸೀಮೆಯಲ್ಲಿ ಹೊಸದಾಗಿ ಮನೆ ಹೂಡುವವರಿಗೆ ಸಿಕ್ಕ ಉಡುಗೊರೆಗಳಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ಕೇಳಿಲ್ಲ. ಈಗ ಅಲ್ಲಿ ಬೈಕು ನಿಲ್ಲಿಸಲು ಮೂರಡಿ ಜಾಗ ಕೊಟ್ಟರೂ ಮಕ್ಕಳು ಕೈಮುಗಿಯುತ್ತಾರೆ. ಎಲೆಕ್ಟ್ರಾನಿಕ್ ಸಿಟಿ 1978ರದು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎದ್ದದ್ದು. ಪೀಣ್ಯದ ಕೈಗಾರಿಕಾ ಪ್ರದೇಶವೂ 70ರ ದಶಕದ್ದೇ. ಕಾರ್ಖಾನೆಗೆಷ್ಟು, ಕಚೇರಿಗೆಷ್ಟು ಎಂದು ಎಕರೆ ಲೆಕ್ಕ ಹಾಕಿದವರು ಅಲ್ಲಿ ದುಡಿಯುವವರ ಕುಕ್ಕರ್ ಎಲ್ಲಿ ಕೂಗಬೇಕೆಂದು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಆ ಹೊಣೆಯನ್ನು ಸುತ್ತಲಿನ ಹಳ್ಳಿಗಳು ಹೊತ್ತುಕೊಂಡವು. ದೊಡ್ಡತೋಗೂರು, ನಲ್ಲೂರಹಳ್ಳಿ, ಲಗ್ಗೆರೆಗಳ ಹೊಲದಲ್ಲಿ ನಾಲ್ಕೈದು ಅಂತಸ್ತಿನ ಕಟ್ಟಡಗಳೆದ್ದವು. ಅಂತಸ್ತಿಗೆ ನಾಲ್ಕು ಬಾಗಿಲು, ಬಾಗಿಲ ಹಿಂದೆ ಒಬ್ಬೊಬ್ಬ ಹೊಸ ಗೃಹಸ್ಥ.

ಇಂಥ ಮನೆಗಳಿಗೆ ಬಂದು ಬೀಳುವ ಉಡುಗೊರೆಗಳಲ್ಲಿ ಮೊದಲ ಸ್ಥಾನ ಗೋಡೆ ಗಡಿಯಾರಕ್ಕೆ, ಎರಡನೆಯದು ಲೆಮನ್ ಸೆಟ್ಟಿಗೆ. ಆರು ಲೋಟ, ಒಂದು ಜಗ್ಗು. ಮನೆಯಲ್ಲಿರುವುದು ಒಬ್ಬಳೇ, ಅವಳಿಗೆ ನಿಂಬೆ ಶರಬತ್ತು ಸೇರುವುದಿಲ್ಲ. ಗಡಿಯಾರದ ಪಾಡು ಇನ್ನೂ ಕಷ್ಟ. ಮಾಲೀಕರ ಮೊದಲ ಷರತ್ತೇ ಗೋಡೆಗೆ ಮೊಳೆ ಹೊಡೆಯಬಾರದು ಎಂಬುದು. ಹೊಡೆದರೆ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಹೊಡೆಯದಿದ್ದರೂ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ಸಂಪ್ರದಾಯ. ಹೀಗಾಗಿ ಗಡಿಯಾರಗಳು ಫ್ರಿಜ್ಜಿನ ನೆತ್ತಿಯ ಮೇಲೆ ಗೋಡೆಗೊರಗಿ ಕೂತಿರುತ್ತವೆ. ಕಾಡುಗೋಡಿಯಲ್ಲಿ ನನ್ನ ಸ್ನೇಹಿತನ ಮಗನ ಮನೆಯಲ್ಲಿ ಅಂಥ ಮೂರು ಗಡಿಯಾರಗಳಿದ್ದವು, ಮೂರರಲ್ಲೂ ಬೇರೆ ಬೇರೆ ಹೊತ್ತು. “ಅಂಕಲ್, ಅದು ನಮ್ದು, ಪಕ್ಕದ್ದು ಲಂಡನ್, ಆಚೇದು ನ್ಯೂಯಾರ್ಕ್” ಎಂದು ಹುಡುಗ ಕಚೇರಿಯ ಗತ್ತಿನಲ್ಲಿ ವಿವರಿಸಿದ. ಹತ್ತಿರ ಹೋಗಿ ನೋಡಿದರೆ ಲಂಡನ್ನಿಗೂ ನ್ಯೂಯಾರ್ಕಿಗೂ ಸೆಲ್ಲು ಮುಗಿದಿತ್ತು.

ಗಡಿಯಾರದ ಮೇಲೆ ನನಗೇನೂ ಹಗೆಯಿಲ್ಲ. ಪೀಣ್ಯಕ್ಕೆ ಅಂಟಿಕೊಂಡಂತಿರುವ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಿಂದ ಕೈಗಡಿಯಾರ ಮಾಡತೊಡಗಿತು. ನಮ್ಮ ತಂದೆಯ ಕಾಲದಲ್ಲಿ ಮಗನಿಗೆ ಕೆಲಸ ಸಿಕ್ಕರೂ ಅದೇ, ಅಳಿಯ ಹಸೆಗೆ ಬಂದರೂ ಅದೇ, ಗುಮಾಸ್ತರು ನಿವೃತ್ತರಾದರೂ ಅದೇ. ನಿವೃತ್ತರಾದವರಿಗೆ ಹೊತ್ತು ನೋಡುವ ಅಗತ್ಯವೇನೆಂದು ಯಾರೂ ಕೇಳುತ್ತಿರಲಿಲ್ಲ. ನನಗೆ ಬಂದ ‘ಜನತಾ’ ಈಗಲೂ ಬೆಳಿಗ್ಗೆ ಕೀ ಕೊಟ್ಟರೆ ಮರುದಿನದವರೆಗೆ ಓಡುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ಘಟಕವನ್ನೇ ಮುಚ್ಚುವ ತೀರ್ಮಾನ ಮಾಡಿತು. ಕಾರ್ಖಾನೆ ನಿಂತುಹೋಯಿತು, ಗಡಿಯಾರ ನಿಂತಿಲ್ಲ. ಕೊಟ್ಟರೆ ಅಂಥದ್ದನ್ನು ಕೊಡಬೇಕು. ಮೊಳೆ ಬೇಡದ್ದು, ಸೆಲ್ಲು ಬೇಡದ್ದು, ಮಾಲೀಕರ ಅನುಮತಿ ಬೇಡದ್ದು.

ಹಾಲುಕ್ಕಿಸುವ ಭಾನುವಾರ ಬಂತು. ಅಕ್ಕ ಊರಿನಿಂದ ನಮ್ಮಮ್ಮನ ಕಾಲದ ಹಿತ್ತಾಳೆ ತಪ್ಪಲೆಗೆ ಕಲಾಯಿ ಹಾಕಿಸಿ, ಹುಣಿಸೆಹಣ್ಣು ಹಚ್ಚಿ ಫಳಫಳ ಹೊಳೆಯಿಸಿ ತಂದಿದ್ದಳು. ತಪ್ಪಲೆಗೆ ಅರಿಸಿನ ಕುಂಕುಮ ಹಚ್ಚಿ, ಹಾಲು ಸುರಿದು, ಇಂಡಕ್ಷನ್ ಒಲೆಯ ಮೇಲಿಟ್ಟು ಗುಂಡಿ ಒತ್ತಿದರೆ ಒಲೆ “ಪೀಂ” ಎಂದು ಕೂಗಿ ಸುಮ್ಮನಾಯಿತು.

“ಇದ್ಯಾಕೆ ಮುನಿಸ್ಕೊಂಡಿದೆ?” ಅಂದಳು ಅಕ್ಕ.

“ಅಮ್ಮಾ, ಅದಕ್ಕೆ ಪಾತ್ರೆ ಕಾಣಿಸ್ತಾ ಇಲ್ಲ.”

“ಇಷ್ಟು ದೊಡ್ಡ ಪಾತ್ರೆ ಕಾಣಿಸಲ್ವಾ? ಹಾಗಾದ್ರೆ ನನ್ನ ಕನ್ನಡಕ ಹಾಕು ಅದಕ್ಕೆ.”

ಮುಹೂರ್ತ ಮೀರುತ್ತಿತ್ತು. ಕೊನೆಗೆ ಹಾಲು ಅವಳ ಟೀ ಕಾಯಿಸುವ ಸ್ಟೀಲ್ ಪಾತ್ರೆಗೆ ವರ್ಗವಾಯಿತು. ಒಲೆಗೆ ಆಗ ಕಣ್ಣು ಬಂತು. ಬಂದದ್ದೇ ತಡ, ನಾವು ಹಾಡೊಂದನ್ನು ನೆನಪಿಸಿಕೊಳ್ಳುವಷ್ಟರಲ್ಲಿ ಹಾಲು ಉಕ್ಕಿ, ಗಾಜಿನ ಮೇಲೆ ಹರಿದು, ಗುಂಡಿಗಳನ್ನೆಲ್ಲ ಮುಚ್ಚಿ, ಒಲೆ ಇನ್ನೊಮ್ಮೆ “ಪೀಂ” ಎಂದು ಆರಿಹೋಯಿತು. ನನ್ನ ಹೆಂಡತಿ ಶಾಸ್ತ್ರದಂತೆ ಕೇಳಿದಳು: “ಯಾವ ದಿಕ್ಕಿಗೆ ಉಕ್ಕಿತು? ಪೂರ್ವಕ್ಕೋ, ಉತ್ತರಕ್ಕೋ?” ಅಕ್ಕನ ಮಗಳು ಬಟ್ಟೆ ಹಿಡಿದು ಒರೆಸುತ್ತ ಅಂದಳು: “ಸ್ವಿಚ್ಚಿನ ಕಡೆಗೆ ಅತ್ತೆ.”

ಇದರಲ್ಲಿ ಒಲೆಯ ತಪ್ಪೇನೂ ಇಲ್ಲ. ಗಾಜಿನ ಕೆಳಗೆ ತಾಮ್ರದ ಸುರುಳಿಯೊಂದಿರುತ್ತದೆ. ಅದರ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ವಿದ್ಯುತ್ತು ಹರಿಸಿ ತಳವನ್ನೇ ಒಲೆಯಾಗಿಸುತ್ತದೆ. ಅಯಸ್ಕಾಂತ ಅಂಟುವ ಲೋಹವಾದರೆ ಸರಿ. ಕಬ್ಬಿಣ ನಡೆಯುತ್ತದೆ, ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮನೆಯ ಒಲೆಗಳಲ್ಲಿ ನಡೆಯುವುದಿಲ್ಲ. ಗ್ಯಾಸ್ ಸಂಪರ್ಕಕ್ಕೆ ವಿಳಾಸದ ದಾಖಲೆ, ಡಿಪಾಸಿಟ್ಟು, ಸಿಲಿಂಡರ್ ಬರುವ ದಿನ ಮನೆಯಲ್ಲಿರುವವರು ಯಾರು ಎಂಬ ತಾಪತ್ರಯ. ಹಾಗಾಗಿ ಈ ಮನೆಗಳಲ್ಲಿ ಇಂಡಕ್ಷನ್ ಒಲೆಯೇ ಹೆಚ್ಚು. ಉಡುಗೊರೆ ಕೊಳ್ಳುವವರಿಗೆ ಇಲ್ಲೊಂದು ತಮಾಷೆಯಿದೆ. ನಮ್ಮ ಅಮ್ಮಂದಿರೂ ಪಾತ್ರೆ ಅಂಗಡಿಗೆ ಸೆರಗಿನಲ್ಲಿ ಅಯಸ್ಕಾಂತ ಕಟ್ಟಿಕೊಂಡು ಹೋಗುತ್ತಿದ್ದರು. ಅಂಟಿದರೆ ಕಳಪೆ, ಅಂಟದಿದ್ದರೆ ಅಸಲಿ ಸ್ಟೀಲು. ನಿಕಲ್ ಬೆರೆತ 304 ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲವಾದ್ದರಿಂದ ಅವರ ಪರೀಕ್ಷೆಯಲ್ಲಿ ಹುರುಳಿತ್ತು. ಈಗಲೂ ಅದೇ ಅಂಗಡಿ, ಅದೇ ಅಯಸ್ಕಾಂತ. ತೀರ್ಪು ಮಾತ್ರ ತಿರುಗುಮುರುಗು. ಅಂಟದಿದ್ದರೆ ಬೇಡ! ಒಳಗೆ ನಿಕಲ್ ಸ್ಟೀಲು, ತಳದಲ್ಲಿ ಅಯಸ್ಕಾಂತ ಹಿಡಿಯುವ ಪದರ ಇಟ್ಟು ತಾಯಿ ಮಗಳು ಇಬ್ಬರನ್ನೂ ಸಮಾಧಾನಪಡಿಸುವ ಪಾತ್ರೆಗಳೂ ಬಂದಿವೆ. ಅಂಗಡಿಯಲ್ಲಿ ‘ಇಂಡಕ್ಷನ್ ಬಾಟಮ್’ ಎಂದು ಕೇಳಬೇಕು. ತಪ್ಪಲೆಯನ್ನು ಅಕ್ಕ ವಾಪಸು ಒಯ್ಯಲಿಲ್ಲ. ಅದರಲ್ಲೀಗ ಈರುಳ್ಳಿ ಇದೆ.

ನಾನು ಒಯ್ದದ್ದು ಮೂರು ಲೀಟರಿನ ಕುಕ್ಕರ್. ಮದುವೆಗೆ ಕೊಡುವ ಐದು ಲೀಟರಿನದ್ದು ಅತ್ತೆ ಮಾವ ಮೈದುನರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದರಲ್ಲಿ ಒಬ್ಬಳ ಅನ್ನ ಇಟ್ಟರೆ ಹುಡುಕಿ ಬಡಿಸಿಕೊಳ್ಳಬೇಕಾಗುತ್ತದೆ. ಈ ಊರಿಗೆ ಕುಕ್ಕರ್ ಬೇಕೇ ಬೇಕು ಎನ್ನಲು ಭೂಗೋಳದ ಕಾರಣವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿ ಮುಟ್ಟುವ ತಾಳ್ಮೆಯಿಲ್ಲದೆ ಸುಮಾರು 97ಕ್ಕೇ ಕುದಿದುಬಿಡುತ್ತದೆ. ಮಂಗಳೂರಿನಿಂದ ಬಂದ ಹುಡುಗಿ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿಟ್ಟು, ಊರಿನ ಲೆಕ್ಕದಲ್ಲಿ ಕಾದು, ಬೇಳೆಯನ್ನು ಬೈದರೆ ಅದು ಬೇಳೆಯ ತಪ್ಪಲ್ಲ. ಕುಕ್ಕರಿನೊಳಗೆ ಒತ್ತಡ ಏರಿ ಶಾಖ 120ರ ಹತ್ತಿರ ಹೋಗುತ್ತದೆ. ಅಲ್ಲಿ ಮಂಗಳೂರು, ಮಡಿಕೇರಿ ಎಂಬ ಭೇದ ಹೆಚ್ಚೇನೂ ಉಳಿಯುವುದಿಲ್ಲ. ವೈಟ್‌ಫೀಲ್ಡಿನ ದಾರಿಯಲ್ಲಿ ಸಿಗುವ ದೂರವಾಣಿನಗರದಲ್ಲಿ ಪ್ರೆಸ್ಟೀಜ್ ಕುಕ್ಕರಿನ ಕಾರ್ಖಾನೆಯೂ ಇತ್ತು, ದೇಶಕ್ಕೆಲ್ಲ ಫೋನು ಮಾಡಿಕೊಟ್ಟ, 1948ರ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇದ್ದದ್ದೂ ಅಲ್ಲೇ. ಭಾರತದ ಮನೆಗಳಲ್ಲಿ ಟ್ರಿಣ್ ಎಂದದ್ದಕ್ಕೂ ಸುಯ್ ಎಂದದ್ದಕ್ಕೂ ಒಂದೇ ಬಡಾವಣೆಯ ಋಣವಿದೆ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. 2020ರ ಗುಣಮಟ್ಟ ನಿಯಂತ್ರಣ ಆದೇಶದ ಮೇರೆಗೆ ಆ ಗುರುತಿಲ್ಲದ ಮನೆಬಳಕೆಯ ಕುಕ್ಕರನ್ನು ಮಾರುವಂತೆಯೇ ಇಲ್ಲ. ಇನ್ನೊಂದು ಮಾತು: ಕುಕ್ಕರ್ ಕೆಡುವುದು ಅಪರೂಪ. ಕೆಡುವುದು ಅದರ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು, ಹಿಡಿಯ ಸ್ಕ್ರೂ. ಅದು ಕೆಡುವುದೂ ರಾತ್ರಿ ಒಂಬತ್ತಕ್ಕೆ, ಅಕ್ಕಿ ತೊಳೆದಿಟ್ಟ ಮೇಲೆ. ಆದ್ದರಿಂದ ಡಬ್ಬಿಯೊಳಗೆ ಒಂದು ಗ್ಯಾಸ್ಕೆಟ್ಟು, ಒಂದು ವಾಲ್ವು ಹೆಚ್ಚಿಗೆ ಇಟ್ಟೆ. “ಉಡುಗೊರೆಗೆ ಕೊಡ್ತಾ ಇದೀರೋ, ರಿಪೇರಿಗೆ ಕೊಡ್ತಾ ಇದೀರೋ?” ಎಂದಳು ಹೆಂಡತಿ.

ಅವಳ ಉಡುಗೊರೆ ಬೇರೆ ಇತ್ತು: ಕಬ್ಬಿಣದ ದೋಸೆ ಕಾವಲಿ. ನಾನ್‌ಸ್ಟಿಕ್ ತವಾ ಹಗುರ, ಚೆಂದ. ಆದರೆ ಮನೆಗೆ ಬಂದ ಗೆಳತಿ ಒಂದು ದಿನ ಸ್ಟೀಲ್ ಸೌಟಿನಿಂದ ಕೆರೆದರೆ ಅದರ ಕಥೆ ಮುಗಿಯಿತು. ಕಬ್ಬಿಣಕ್ಕೆ ಆ ಭಯವಿಲ್ಲ, ಆದರೆ ಅದು ಪಳಗಬೇಕು. ಹೊಸ ಕಾವಲಿಯ ಮೊದಲ ದೋಸೆ ಕಾವಲಿಗೇ ನೈವೇದ್ಯ. ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳಿಗೆ ಆಫೀಸಿನಲ್ಲಿ ಪಳಗುವುದೇ ಸಾಕಾಗಿರುವಾಗ ಮನೆಯಲ್ಲಿ ಕಾವಲಿ ಪಳಗಿಸು ಎಂದರೆ ಹೇಗೆ? ಅದಕ್ಕೆ ನನ್ನಾಕೆ ಅದನ್ನು ತಾನೇ ಎಣ್ಣೆ ಸವರಿ, ಕಾಯಿಸಿ, ಅರ್ಧ ಈರುಳ್ಳಿ ಉಜ್ಜಿ, ದೋಸೆ ಮೇಲೆದ್ದು ಬರುವವರೆಗೆ ನಮಗೇ ದಿನವೂ ದೋಸೆ ತಿನ್ನಿಸಿ ಹದ ಮಾಡಿದಳು. ಕೊಂಡದ್ದು ಸಪಾಟು ತಳದ್ದನ್ನೇ, ಇಂಡಕ್ಷನ್ ಒಲೆಯ ಮೇಲೆ ತಳ ಡೊಂಕಾದದ್ದು ಕೂರುವುದಿಲ್ಲ. ಜೊತೆಗೆ ಒಂದು ಚೀಟಿ: “ಸಿಂಕಿನಲ್ಲಿ ನೆನೆಹಾಕಬೇಡ. ತೊಳೆದ ತಕ್ಷಣ ಒರೆಸಿ ಎಣ್ಣೆ ಸವರು.”

ಈಳಿಗೆಮಣೆಯ ವಿಷಯವೂ ಚರ್ಚೆಗೆ ಬಂದಿತ್ತು. ಕಾಯಿ ತುರಿಯದ ಅಡುಗೆಮನೆಯನ್ನು ನನ್ನ ಹೆಂಡತಿ ಅಡುಗೆಮನೆಯೆಂದು ಪರಿಗಣಿಸುವುದಿಲ್ಲ. ಆದರೆ ಈಳಿಗೆಮಣೆಗೆ ನೆಲ ಬೇಕು, ಮಣೆಯ ಮೇಲೆ ಒಂದು ಕಾಲು, ಮಡಚಿದ ಇನ್ನೊಂದು ಕಾಲಿಗೆ ಜಾಗ ಬೇಕು. ಆ ಅಡುಗೆಮನೆಯಲ್ಲಿ ಒಬ್ಬರು ಕೂತರೆ ಫ್ರಿಜ್ಜಿನ ಬಾಗಿಲು ತೆಗೆಯಲಾಗದು. ಕಟ್ಟೆಗೆ ಕಚ್ಚಿಕೊಂಡು ಕೂರುವ ಸಣ್ಣ ತುರಿಮಣೆ ಕೊಂಡೆವು, ಚರ್ಚೆ ಅಲ್ಲಿಗೆ ನಿಂತಿತು.

ಪಾತ್ರೆಗಳ ಮೇಲೆ ಹೆಸರು ಹಾಕಿಸುವ ಪದ್ಧತಿ ಇನ್ನೂ ಸತ್ತಿಲ್ಲ. ಚಿಕ್ಕಪೇಟೆಯ ಪಾತ್ರೆ ಅಂಗಡಿಯ ಹುಡುಗ ಪೆನ್ನಿನಂಥ ಯಂತ್ರ ಹಿಡಿದು “ಟಿರ್ರ್” ಎಂದು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಾನೆ. ನಮ್ಮ ಕನ್ನಡ ಪ್ರಾಂತದ ಅರ್ಧ ವಂಶಾವಳಿ ಲೋಟಗಳ ಮೇಲಿದೆ. ಅಕ್ಕನ ಮಗಳು ಮೊದಲೇ ಎಚ್ಚರಿಸಿದ್ದಳು: “ಹೆಸರು ಹಾಕಿಸ್ಬೇಡಿ ಮಾವ. ಓಎಲ್‌ಎಕ್ಸ್‌ನಲ್ಲಿ ಹಾಕಿದ್ರೆ ಯಾರೂ ತಗೊಳಲ್ಲ.” ಅವಳು ಹಾಗೆಂದದ್ದರಿಂದಲೇ ನಾನು ಹಾಕಿಸಿದೆ. ಮಾರಲಾಗದ ವಸ್ತು ಉಳಿಯುತ್ತದೆ. ಅದೂ ಅಲ್ಲದೆ ಇಬ್ಬರು ಮೂವರು ಹಂಚಿಕೊಂಡ ಮನೆ ಖಾಲಿ ಮಾಡುವಾಗ ಯಾವ ಡಬರಿ ಯಾರದು ಎಂಬ ವ್ಯಾಜ್ಯಕ್ಕೆ ತಳದ ಚುಕ್ಕಿಗಳಿಗಿಂತ ಒಳ್ಳೆಯ ದಾಖಲೆ ಇಲ್ಲ.

ಪೀಣ್ಯದ ಕಡೆಯ ಕಥೆ ಸ್ವಲ್ಪ ಬೇರೆ. ನನಗೆ ಪರಿಚಯದ ಹುಡುಗನೊಬ್ಬ ಸಿಂಧನೂರು ಕಡೆಯವನು. ಐಟಿಐ ಕೋರ್ಸು ಮುಗಿಸಿ ಅಲ್ಲಿಯ ವರ್ಕ್‌ಶಾಪೊಂದರಲ್ಲಿ ಸಿಎನ್‌ಸಿ ಯಂತ್ರ ನಡೆಸುತ್ತಾನೆ. ಲಗ್ಗೆರೆಯಲ್ಲಿ ಶೀಟು ಹೊದಿಸಿದ ಒಂದು ರೂಮು, ಗೆಳೆಯನೊಬ್ಬನ ಜೊತೆ. ಹಗಲಿಡೀ ಮಿಲಿಮೀಟರಿನ ನೂರನೆಯ ಒಂದು ಭಾಗ ಹೆಚ್ಚುಕಡಿಮೆಯಾದರೆ ಪೀಸು ರಿಜೆಕ್ಟು ಎಂದು ಅಳೆಯುವವನು ತನ್ನ ರೂಮಿನ ಬಾಗಿಲ ಚಿಲಕವನ್ನು ತಂತಿಯಲ್ಲಿ ಬಿಗಿದಿದ್ದ. ಸ್ಕ್ರೂಡ್ರೈವರ್ ಇಲ್ಲವೇನೋ ಎಂದರೆ, “ಕಂಪನಿ ಸಾಮಾನ ಕಂಪ್ನ್ಯಾಗ ಇರ್ತಾವ್ರಿ ಕಾಕಾ. ಮನ್ಯಾಗ ಎಲ್ಲಿಂದ ಬರಬೇಕು?” ಎಂದ. ಅವನಿಗೆ ಕೊಟ್ಟದ್ದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಟೆಸ್ಟರು, ಎರಡು ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಸಣ್ಣ ಸುತ್ತಿಗೆ, ಅಳತೆ ಟೇಪು, ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು, ಒಂದು ಟಾರ್ಚು. ಇದಕ್ಕೆ ಬಣ್ಣದ ಕಾಗದ ಸುತ್ತಿದರೆ ಚೆನ್ನಾಗಿರುವುದಿಲ್ಲ, ಸುತ್ತಲಿಲ್ಲ.

ಯುಗಾದಿಗೆ ಮುಯ್ಯಿ ತಿರುಗಿ ಬಂತು. ಮಾಲೀಕರನ್ನು ಕೇಳಿ, ಉಳಿದ ಸ್ಟೇನ್‌ಲೆಸ್ ಸ್ಟೀಲ್ ರಾಡಿನ ತುಂಡನ್ನು ಲೇತಿಗೆ ಹಾಕಿ ಅವನೇ ಒಂದು ಕುಟ್ಟಾಣಿ ಮಾಡಿಕೊಂಡು ಬಂದಿದ್ದ. ಕೈ ಜಾರದಿರಲೆಂದು ಹಿಡಿಗೆ ಒಪ್ಪವಾಗಿ ನರ್ಲಿಂಗ್ ಹೊಡೆದಿತ್ತು. ಅದರಲ್ಲಿ ಶುಂಠಿ ಜಜ್ಜುವಾಗ ಕೆಳಮನೆಯವರು ಬಂದು ವಿಚಾರಿಸುತ್ತಾರೆ. ಅದರ ಆಯಸ್ಸು ನನ್ನದಕ್ಕಿಂತ, ಬಹುಶಃ ಈ ಕಟ್ಟಡದ್ದಕ್ಕಿಂತಲೂ ಹೆಚ್ಚು.

ಇನ್ನು ನೀರು. ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ಕಾವೇರಿ ಬಹಳ ಕಾಲ ದೂರದ ನೆಂಟಳಾಗಿಯೇ ಇದ್ದಳು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಕೈಕೊಟ್ಟಾಗ ಲಕ್ಷಗಟ್ಟಲೆ ಸಂಬಳದ ಮಕ್ಕಳು ಟ್ಯಾಂಕರ್ ಡ್ರೈವರಿಗೆ “ಅಣ್ಣಾ, ಅಣ್ಣಾ” ಎಂದು ಫೋನು ಮಾಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಆದರೂ ಕೊಳವೆಬಾವಿಯ ಗಡಸು ನೀರಿನ ಸಹವಾಸ ಪೂರ್ತಿ ಬಿಟ್ಟಿಲ್ಲ. ನಲ್ಲಿಯ ಮೂತಿಗೆ, ಕೆಟಲಿನ ಹೊಟ್ಟೆಗೆ ಬಿಳಿ ಸುಣ್ಣ ಕಟ್ಟುತ್ತದೆ. ನಿಂಬೆರಸವನ್ನೋ ವಿನೆಗರನ್ನೋ ನೀರಿಗೆ ಹಾಕಿ ಕುದಿಸಿದರೆ ಬಿಡುತ್ತದೆ. ಲೆಮನ್ ಸೆಟ್ಟಿಗಿಂತ ಒಂದು ಡಜನ್ ನಿಂಬೆಹಣ್ಣು ಕೊಟ್ಟಿದ್ದರೇ ಉಪಯೋಗವಿತ್ತು. ಇಂಥ ಮನೆಗೆ ಮುಚ್ಚಳವಿರುವ ಡ್ರಮ್ಮು, ಒಂದು ಸ್ಟೀಲ್ ಬಕೆಟ್ಟು ಕೊಡಬಹುದು. ಪ್ಲಾಸ್ಟಿಕ್ ಬಕೆಟ್ಟಿನ ಹಿಡಿ ಎರಡನೇ ವರ್ಷ ಕೈಯಲ್ಲಿ ಬರುತ್ತದೆ, ಸ್ಟೀಲಿನದ್ದು ನೆಗ್ಗಿದರೂ ನೀರು ಬಿಡುವುದಿಲ್ಲ. ಹಿಂದೆ ಮದುವೆಗೆ ಹಂಡೆ ಕೊಡುತ್ತಿದ್ದವರೇನೂ ದಡ್ಡರಲ್ಲ. ಉಡುಗೊರೆಗೆ ಬಕೆಟ್ ಒಯ್ದರೆ ಮಿಕ್ಕ ನೆಂಟರು ನಗಬಹುದು. ಮಾರ್ಚ್ ತಿಂಗಳು ಬರಲಿ.

ಹಾಸಿಗೆಯ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಮನೆ ಹಿಡಿದವರು ತಮ್ಮ ಮಂಚ ತಾವು ನೋಡಿಕೊಳ್ಳುತ್ತಾರೆ, ಬಾಡಿಗೆಗಾದರೂ ತರುತ್ತಾರೆ. ಆದರೆ ಅಪ್ಪ ಅಮ್ಮ ಬಂದರೆ ಎಲ್ಲಿ ಮಲಗಬೇಕು? 2025ರ ಆಗಸ್ಟಿನಲ್ಲಿ ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ “ಎಲೆಕ್ಟ್ರಾನಿಕ್ ಸಿಟಿ ದೂರ” ಎಂಬ ನೆಪ ನೆಂಟರಿಗೂ ಉಳಿದಿಲ್ಲ, ಮಕ್ಕಳಿಗೂ ಉಳಿದಿಲ್ಲ. ಅದಕ್ಕೆ ನಾನು ಯಾರಿಗಾದರೂ ಸೂಚಿಸುವುದು ಒಂದು ಜಮಖಾನೆ. ಹೆಂಗಸರು ಮನೆಯ ಮಗ್ಗದಲ್ಲೇ ನೇಯುವ, ಭೌಗೋಳಿಕ ಗುರುತು ಪಡೆದ ನವಲಗುಂದದ ಜಮಖಾನೆಯಾದರೆ ಸರಿಯೇ ಸರಿ. ಒನ್ ಬಿಎಚ್‌ಕೆಯಲ್ಲಿ ಜಮಖಾನೆಯೆಂದರೆ ಸುತ್ತಿ ಮೂಲೆಗಿಟ್ಟ ಅತಿಥಿಕೋಣೆ. ಮೇಲೆ ಹೊದೆಯಲು ಉತ್ತರ ಕರ್ನಾಟಕದ ಕೌದಿ. ಅಜ್ಜಿಯ ಸೀರೆ, ಅಮ್ಮನ ಸೀರೆ, ಎಂದೋ ಚಿಕ್ಕದಾದ ಲಂಗ ಎಲ್ಲ ಪದರ ಪದರವಾಗಿ ಸೂಜಿಯಲ್ಲಿ ಕೂಡಿರುತ್ತವೆ. ಬೆಂಗಳೂರಿನ ಡಿಸೆಂಬರಿಗೆ ಹದವಾದ ಬಿಸಿ, ಅಂಗಡಿಯಲ್ಲಿ ಇದರ ಜೋಡಿ ಸಿಗುವುದಿಲ್ಲ.

“ಈಗೆಲ್ಲ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೇ ಬರುತ್ತೆ ಮಾವ. ಹೊತ್ಕೊಂಡು ಯಾಕೆ ಬರ್ತೀರಿ?” ಎಂದು ಅಕ್ಕನ ಮಗಳು ಕೇಳಿದ್ದುಂಟು. ನಿಜ, ಬರುತ್ತದೆ. ಕೊತ್ತಂಬರಿ ಸೊಪ್ಪಿನ ಜೊತೆ ಸ್ಕ್ರೂಡ್ರೈವರೂ ಬರುತ್ತದೆ. ಆದರೆ ತರಿಸಿಕೊಳ್ಳಬೇಕಾದರೆ ಇಂಥದ್ದೊಂದು ಬೇಕೆಂದು ಮೊದಲು ಹೊಳೆಯಬೇಕಲ್ಲ. ಗ್ಯಾಸ್ಕೆಟ್ ಎಂಬುದೊಂದಿದೆ, ಅದು ಸಡಿಲವಾಗುತ್ತದೆ ಎಂಬುದು ಇಪ್ಪತ್ಮೂರನೇ ವಯಸ್ಸಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾಗುವ ರಾತ್ರಿ ಹಸಿವಾಗಿರುತ್ತದೆ. ನಾವು ಕೆಲವು ಮನೆ ಬದಲಿಸಿ, ಕೆಲವು ಕುಕ್ಕರು ಸುಟ್ಟು, ನಲ್ಲಿಗೆ ಬಟ್ಟೆ ಸುತ್ತಿ ಕಲಿತದ್ದನ್ನು ಬುದ್ಧಿವಾದವಾಗಿ ಹೇಳಿದರೆ ಮಕ್ಕಳು ಫೋನು ನೋಡುತ್ತಾರೆ. ಅದನ್ನೇ ಡಬ್ಬಿಗೆ ತುಂಬಿ ಕೊಟ್ಟರೆ ಅಟ್ಟದ ಮೇಲಾದರೂ ಇಡುತ್ತಾರೆ.

ಉಡುಗೊರೆ ಚೆನ್ನಾಗಿತ್ತೇ ಇಲ್ಲವೇ ಎಂಬುದು ಕೊಟ್ಟ ದಿನ ತಿಳಿಯುವುದಿಲ್ಲ. ಅವತ್ತು ಎಲ್ಲರೂ “ಅಯ್ಯೋ, ಇದೆಲ್ಲ ಯಾಕೆ?” ಎಂದೇ ಅನ್ನುತ್ತಾರೆ. ತಿಳಿಯುವುದು ಮನೆ ಖಾಲಿ ಮಾಡುವ ದಿನ, ಕೆಳಗೆ ಟಾಟಾ ಏಸ್ ಬಂದು ನಿಂತು ಡ್ರೈವರ್ ಹಾರನ್ ಹೊಡೆಯುವಾಗ. ಪಾರ್ಟಿಕಲ್ ಬೋರ್ಡಿನ ಬೀರು ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಕಚ್ಚುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ. ಲೆಮನ್ ಸೆಟ್ಟು ಮುಂದಿನ ಬಾಡಿಗೆದಾರರಿಗೆ, ಲಂಡನ್ನು ನ್ಯೂಯಾರ್ಕುಗಳು ವಾಚ್‌ಮನ್ನನಿಗೆ. ದೊಡ್ಡತೋಗೂರಿನ ಕರಾರು ಮುಗಿದು ಅಕ್ಕನ ಮಗಳು ಹೂಡಿಗೆ ಹೋದಾಗ ನಾನೂ ಕೈಜೋಡಿಸಿದ್ದೆ. ಟೆಂಪೊ ಮೊದಲು ಹತ್ತಿದ್ದು ಕುಕ್ಕರು, ಕಾವಲಿ, ಹೆಸರು ಕೊರೆದ ಡಬರಿಗಳು. ಈರುಳ್ಳಿ ಸಮೇತ ಹಿತ್ತಾಳೆ ತಪ್ಪಲೆಯನ್ನು ಅವಳು ಡ್ರೈವರಿನ ಪಕ್ಕ ತೊಡೆಯ ಮೇಲಿಟ್ಟುಕೊಂಡೇ ಕೂತಳು. ಅಕ್ಕ ಈಗ ಆ ಮನೆಯನ್ನು “ಹನ್ನೊಂದು ತಿಂಗಳ ಕರಾರು” ಎನ್ನುವುದಿಲ್ಲ, “ನಮ್ಮ ಹುಡುಗಿ ಮನೆ” ಎನ್ನುತ್ತಾಳೆ.

ನಿಮ್ಮ ಕಡೆಯ ಮಕ್ಕಳೂ ಎಲ್ಲೋ ಒಂದು ಕಡೆ ಮನೆ ಹಿಡಿದು ಹಾಲುಕ್ಕಿಸಲು ಕರೆದರೆ ಮದುವೆಯವರೆಗೆ ಕಾಯಬೇಡಿ. ಹೊರಡುವ ಮೊದಲು ಫೋನು ಮಾಡಿ ಎರಡೇ ಪ್ರಶ್ನೆ ಕೇಳಿ: ಒಲೆ ಯಾವುದು, ಲಿಫ್ಟ್ ಇದೆಯೇ? ಪಾತ್ರೆಯ ತಳ ಎಂಥದಿರಬೇಕೆಂದು ಮೊದಲನೆಯದು ಹೇಳುತ್ತದೆ, ತೂಕ ಎಷ್ಟಿರಬೇಕೆಂದು ಎರಡನೆಯದು. ಬೆಲೆ ಕಾಣಬಾರದೆಂದು ಬಿಲ್ಲು ಹರಿದು ಬಿಸಾಡುವುದು ನಮ್ಮ ಹಳೆಯ ಮರ್ಯಾದೆ. ಆ ಮರ್ಯಾದೆ ಇಲ್ಲಿ ಬೇಡ. ಬಿಲ್ಲನ್ನು ಡಬ್ಬಿಯಲ್ಲೇ ಬಿಡಿ. ಅದಿಲ್ಲದಿದ್ದರೆ ಗ್ಯಾರಂಟಿ ಸಿಗುವುದಿಲ್ಲ.